ಅಪ್‌ಡೇಟ್: ಬೂಮ್ ಬ್ರೇಕ್ ಕೂರಿಸಿದ್ದಾಯ್ತು

ಕೊಚ್ಚಿಯಲ್ಲಿರೋ 32 ಅಡಿ ಯಾಟ್‌ಗೆ, ಹಿಂಗಾಳಿಯಲ್ಲಿ ಬೂಮ್ (ಪಟದ ಕೆಳಅಂಚನ್ನ ಹಿಡಿಯೋ ಅಡ್ಡಕೋಲು) ಇದ್ದಕ್ಕಿದ್ದಂತೆ ಇನ್ನೊಂದು ಪಕ್ಕಕ್ಕೆ ಬೀಸದಿರಲು ಬ್ರೇಕ್ (ಹಗ್ಗದ ಉಜ್ಜಾಟದಿಂದ ಬೂಮ್‌ನ ವೇಗ ತಗ್ಗಿಸೋ ಸಾಧನ) ಬೇಕಾ, ಪ್ರಿವೆಂಟರ್ (ಬೂಮನ್ನ ಮುಂದಕ್ಕೆ ಕಟ್ಟಿಹಿಡಿಯೋ ಹಗ್ಗ) ಸಾಕಾ ಅಂತ ಕೇಳಿದ್ದೆ. ಎರಡೂ ಬೇಕು ಅಂದವರ ಮಾತೇ ಸರಿ.

ಬ್ರೇಕ್ ನೇತುಹಾಕೋ ಬ್ರ್ಯಾಕೆಟ್ ಹಾಸನದ ಲೇತ್ ಅಂಗಡಿಯಲ್ಲೇ ಆಯ್ತು. ಸ್ಟೀಲ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ, ಅದರಲ್ಲಿ ಮಾಲಿಬ್ಡಿನಮ್ ಇರುತ್ತೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು 304. ಅಯಸ್ಕಾಂತಕ್ಕೆ ಎರಡೂ ಒಂದೇ, ಮಾಲಿಬ್ಡಿನಮ್ ಟೆಸ್ಟ್ ದ್ರಾವಣ ಒಂದು ಹನಿ ಬಿಟ್ಟರೆ ವ್ಯತ್ಯಾಸ ಗೊತ್ತಾಗುತ್ತೆ. ಗೊರೂರು ಅಣೆಕಟ್ಟಿನ ಸಿಹಿನೀರಿಗಾದ್ರೆ 304 ನಡೀತಿತ್ತು, ಉಪ್ಪುನೀರಿಗೆ ಆಗಲ್ಲ. ಅಲ್ಯೂಮಿನಿಯಂ ಬೂಮ್‌ಗೂ ಸ್ಟೀಲಿಗೂ ನಡುವೆ ತೆಳು ನೈಲಾನ್ ಹಾಳೆ ಕೊಡದಿದ್ರೆ ಬೂಮ್ ತಿಂದುಹೋಗುತ್ತೆ.

ಬ್ರೇಕ್‌ನೊಳಗೆ ಹಾಯೋ ಹಗ್ಗ 10 ಮಿ.ಮೀ. ಪಾಲಿಯೆಸ್ಟರ್ ಡಬಲ್ ಬ್ರೇಡ್ (ಒಳತಿರುಳು, ಹೊರಕವಚ ಎರಡೂ ಹೆಣೆದದ್ದು). ಡೈನೀಮಾ (ನುಣುಪಾದ ಗಟ್ಟಿ ನಾರು) ಜಾರುತ್ತೆ, ನೈಲಾನ್ ಹಿಗ್ಗುತ್ತೆ.

ಅಸಲಿ ಕಸರತ್ತು ಬಿಗಿ ಹೊಂದಿಸೋದ್ರಲ್ಲಿ. ಹಗ್ಗದ ತುದಿಗಳು ಮಾಸ್ಟ್‌ನ (ಪಟದ ಕಂಬದ) ಎರಡೂ ಪಕ್ಕ, ಚೈನ್‌ಪ್ಲೇಟ್ (ಕಂಬದ ತಂತಿಗಳನ್ನ ದೋಣಿಗೆ ಬಿಗಿಯೋ ತಗಡು) ಬಳಿಯ ಬ್ಲಾಕ್‌ಗಳಿಂದ (ರಾಟೆಗಳಿಂದ) ಹಿಂದೆ ವಿಂಚ್‌ಗೆ (ಹಗ್ಗ ಸುತ್ತಿ ಎಳೆಯೋ ಉರುಳೆಗೆ) ಬರುತ್ತವೆ. ಬೂಮ್ ಹೊರಗಿದ್ದಾಗ ಹಗ್ಗ ಸಡಿಲ, ನಡುವಿಗೆ ಬಂದಂತೆ ತಾನಾಗೇ ಬಿಗಿ. ಹೊರಗಿದ್ದಾಗಲೇ ಟೈಟ್ ಮಾಡಿಟ್ರೆ ಬೂಮ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತೆ, ಪಟಕ್ಕೆ ಅಡ್ಡಗಾಳಿ ಬಡಿದು ದೋಣಿ ವಾಲುತ್ತೆ. ಆಗ ವಿಂಚ್‌ನಿಂದ ಒಂದೊಂದೇ ಗೇಣು ಬಿಡಬೇಕು, ಒಮ್ಮೆಲೇ ಬಿಟ್ರೆ ಬ್ರೇಕ್ ಇದ್ದೂ ಇಲ್ಲದಂಗೆ.

ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಹೋಗೋವಾಗ ಪ್ರಿವೆಂಟರನ್ನೇ ಬೂಮ್ ತುದಿಯಿಂದ ಮುಂದಕ್ಕೆ ಕಟ್ಟಿ. ಬ್ರೇಕ್ ಹಿಡಿಯೋದು ಬೂಮ್‌ನ ನಡುಭಾಗವನ್ನ. ತುದಿ ಅಲೆಗೆ ಸಿಕ್ಕರೆ ಬೂಮ್ ಬಾಗೋದೂ ಅಲ್ಲೇ.