ಅಪ್‌ಡೇಟ್: ಎತ್ತರಿಸಿದ ಆ ಫೋರ್ ಬೈ ಫೋರ್ ಬಿಟ್ಟೆ
ಲಿಫ್ಟ್ ಮಾಡಿಸಿ (ಅಂದರೆ ಗಾಡಿ ನೆಲದಿಂದ ಎತ್ತರಿಸಿ) 33 ಇಂಚಿನ ಟೈರ್ ಹಾಕಿದ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳಬಹುದಾ ಎಂದು ಕೇಳಿದ್ದೆ. ತಗೊಳ್ಳಲಿಲ್ಲ.

ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದಾಗ ಬಂಡವಾಳ ಬಯಲಾಯಿತು. ಲಿಫ್ಟ್ ಅಂದರೆ ಸುಮ್ನೆ ಸ್ಪ್ರಿಂಗ್ ಮೇಲೆ ಕೂರಿಸಿದ ಸ್ಪೇಸರ್ (ಎತ್ತರ ಕೊಡುವ ದಪ್ಪ ಬಿಲ್ಲೆ). ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಪೈಪ್) ಮಾತ್ರ ಮೊದಲಿನ ಉದ್ದದ್ದೇ. ಜಾಕ್ ಏರಿಸಿ ಚಕ್ರ ಇಳಿಬಿಟ್ಟರೆ ಹೋಸ್ ತಂತಿಯಂತೆ ಬಿಗಿಯುತ್ತಿತ್ತು. ಆಕ್ಸಲ್‌ಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ಕೋನ ಜಾಸ್ತಿಯಾಗಿ, ಅದರ ತುದಿಯ ಬಾಗುವ ಕೀಲಾದ ಯು-ಜಾಯಿಂಟ್ ಸುತ್ತ ಕೆಂಪು ತುಕ್ಕಿನ ಪುಡಿ, ಅಂದರೆ ಸವೆಯುತ್ತಿದೆ.

ಮೂಲ ಟೈರ್ 29 ಇಂಚು. ಸ್ಪೀಡೋಮೀಟರ್ ತಿದ್ದಿಸಿಲ್ಲ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, ಮೀಟರ್ 60 ತೋರಿಸಿದರೆ ನಿಜವಾದ ವೇಗ 68ರ ಹತ್ತಿರ. ಓಡಿದ ದೂರ ತೋರಿಸುವ ಓಡೋಮೀಟರ್ ಕೂಡ ಅದೇ ಲೆಕ್ಕದಲ್ಲಿ ಕಡಿಮೆ ತೋರಿಸುತ್ತದೆ, ಅಲ್ವಾ? ಕೆಲಸದ ಬಿಲ್ ಕೇಳಿದರೆ ಮಾಲೀಕರು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ) ಹೊಗಳಲು ಶುರುಮಾಡಿದರು. (ವಿಂಚ್ ನಿಜಕ್ಕೂ ಚೆನ್ನಾಗಿತ್ತು!)

ಈಗ ಮಾಡಿಫೈ ಆಗದ ಗಾಡಿ ಹುಡುಕುತ್ತಿದ್ದೇನೆ. ಹಿಂದಿನ ಆಕ್ಸಲ್‌ಗೆ ಕಂಪನಿ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ವ್ಯವಸ್ಥೆ) ಇರುವುದು ಒಂದು ಸಿಕ್ಕಿದೆ, ಭಾನುವಾರ ನೋಡಲು ಹೋಗುತ್ತೇನೆ.