ಬೆಂಗಳೂರಲ್ಲಿ ರೀಫ್ ಟ್ಯಾಂಕ್: ಕಡಲಕುದುರೆ ಸಾಕಬಹುದಾ, ಮರಿ ಬೆಳೆಸಬಹುದಾ?

ನೀಲಿಗಾಜು:

ನಮಸ್ಕಾರ. ಮನೆ ವಿಜಯನಗರದಲ್ಲಿ, ಎರಡನೇ ಮಹಡಿ. 3 ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿಯ ಗಾಜಿನ ಟ್ಯಾಂಕ್ ಖಾಲಿ ಇದೆ. ಕೆಳಗಡೆ ಸಂಪ್ (ಫಿಲ್ಟರ್, ಪಂಪ್ ಇಡೋ ಎರಡನೇ ತೊಟ್ಟಿ) ಇಡೋಕೂ ಜಾಗ ಇದೆ. ಸಿಹಿನೀರಿನ ಮೀನು ಸಾಕಿ ಗೊತ್ತು, ಉಪ್ಪುನೀರು ಹೊಸದು. ರೀಫ್ (ಹವಳದ) ಟ್ಯಾಂಕ್ ಮಾಡಿ ಒಂದಷ್ಟು ಹವಳ, ಒಂದು ಜೋಡಿ ಕಡಲಕುದುರೆ, ಆಮೇಲೆ ಅವುಗಳ ಮರಿ ಬೆಳೆಸಬೇಕು ಅಂತ ಆಸೆ. ಒಂದು ಅಂಗಡಿಯಲ್ಲಿ "ಫಾರಂನಲ್ಲಿ ಹುಟ್ಟಿದ್ದು, ಬಿಲ್ ಕೊಡ್ತೀವಿ, ತೊಂದರೆ ಇಲ್ಲ" ಅಂದಿದ್ದಾರೆ.

ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಉಳಿದಂತೆ ಬೋರ್. ಅಡುಗೆಮನೆ ಆರ್‌ಒ ನೀರು ನಡೆಯುತ್ತಾ? ಚಿಲ್ಲರ್ (ನೀರು ತಂಪು ಮಾಡೋ ಯಂತ್ರ) ಕಡ್ಡಾಯನಾ? ಕರೆಂಟ್ ಮೂರ್ನಾಲ್ಕು ಗಂಟೆ ಹೋದರೆ ಏನು ಗತಿ? ದಯವಿಟ್ಟು ವಿವರವಾಗಿ ಹೇಳಿ.

ದಿಬ್ಬದಂಚು:

ಮೊದಲು ಕಾನೂನು, ಯಾಕಂದ್ರೆ ಉಳಿದಿದ್ದೆಲ್ಲ ಅದರ ಮೇಲೆ ನಿಂತಿದೆ. 2001ರಲ್ಲಿ ಕಡಲಕುದುರೆ, ಪೈಪ್‌ಫಿಶ್ ಎರಡೂ ಬರುವ ಸಿಂಗ್ನಾಥಿಡೇ ಕುಟುಂಬವನ್ನೇ ಇಡಿಯಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಅಂಗಡಿಯವರ ಬಿಲ್ ಅನುಮತಿ ಪತ್ರ ಆಗಲ್ಲ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ 2004ರಿಂದ ಸೈಟಿಸ್ (ಅಪಾಯದಲ್ಲಿರೋ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣ ಇದೆ. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಕಡೆ ಬಲೆಗೆ ಸಿಕ್ಕ ಕಡಲಕುದುರೆಗಳನ್ನ ಒಣಗಿಸಿ ಕಳ್ಳದಾರಿಯಲ್ಲಿ ಹೊರದೇಶಕ್ಕೆ ಸಾಗಿಸ್ತಾರೆ. ಈ ಪ್ರಾಣಿಗೆ ಅಷ್ಟು ಕಾವಲು ಬೇಕಾಗಿರೋದು ಅದಕ್ಕೇ. ಮನೆ ಟ್ಯಾಂಕಿಗೆ ತರಬೇಡಿ.

ಹವಳದಲ್ಲೂ ಇದೇ ಕಥೆ. ಆಕ್ರೊಪೊರಾ, ಮಾಂಟಿಪೊರಾ, ಹ್ಯಾಮರ್, ಟಾರ್ಚ್ ಅಂತ ಮಾರೋದೆಲ್ಲ ಗಟ್ಟಿ ಹವಳ, ಸ್ಕ್ಲೆರಾಕ್ಟೀನಿಯಾ ಗಣ. 2001ರ ಪಟ್ಟಿಯಲ್ಲಿ ಆ ಗಣ ಪೂರ್ತಿ ಇದೆ. ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ. ಮಶ್ರೂಮ್, ಜೋವಾಂಥಿಡ್, ಲೆದರ್, ಜೀನಿಯಾ ಅನ್ನೋ ಮೆತ್ತನೆ ಹವಳಗಳು ಆ ಪಟ್ಟಿಯಲ್ಲಿರಲಿಲ್ಲ. ಮೊದಲ ಟ್ಯಾಂಕಿಗೆ ಹೊಂದೋದೂ ಇವೇ. ಅಲೆಗೆ ತೂಗಾಡೋ ಲೆದರ್ ಎದುರು ಯಾವ ಗಟ್ಟಿ ಹವಳವೂ ಬೇಡ ಅನಿಸುತ್ತೆ. ಬಂಡೆಯೂ ಅಷ್ಟೇ: ಕಡಲಿಂದ ಕಿತ್ತ ಹವಳದ ಕಲ್ಲು ಬೇಡ, ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಬಂಡೆ ತಗೊಳ್ಳಿ. ಸಿಮೆಂಟಿನದಾದರೆ ಪಿಎಚ್ 8.5ಕ್ಕಿಂತ ಕೆಳಗೆ ನಿಲ್ಲೋವರೆಗೂ ನೀರು ಬದಲಾಯಿಸ್ತಾ ನೆನೆಸಿ.

ಕಾನೂನು ಪಕ್ಕಕ್ಕಿಟ್ಟರೂ ಕಡಲಕುದುರೆ ರೀಫ್ ಟ್ಯಾಂಕಿನ ಪ್ರಾಣಿ ಅಲ್ಲ. ಅದಕ್ಕೆ ಹೊಟ್ಟೆಯ ಚೀಲ ಇಲ್ಲ, ತಿಂದದ್ದು ಬೇಗ ಹೊರಗೆ ಹೋಗುತ್ತೆ, ದಿನಕ್ಕೆ ಮೂರ್ನಾಲ್ಕು ಸಲ ಉಣಿಸಬೇಕು. ಅಷ್ಟು ಆಹಾರ ಬಿದ್ದ ನೀರಲ್ಲಿ, 26 ಡಿಗ್ರಿ ದಾಟಿದರೆ ರೋಗ ತರೋ ವಿಬ್ರಿಯೊ ಬ್ಯಾಕ್ಟೀರಿಯಾ ಏರುತ್ತೆ. ಹವಳಕ್ಕೆ ಬೇಕಾದ ಜೋರು ಅಲೆ ಅದಕ್ಕೆ ತಡೆಯಲ್ಲ, ಚುಚ್ಚೋ ಹವಳದ ಪಕ್ಕ ಬಾಲ ಸುತ್ತಿಕೊಂಡರೆ ಗಾಯ.

ಮರಿ ಬೆಳೆಸೋ ಆಸೆ ಮಾತ್ರ ಬಿಡಬೇಕಿಲ್ಲ. ಓಸೆಲಾರಿಸ್ ಕ್ಲೌನ್ ಮೀನು ಮನೆ ಟ್ಯಾಂಕಿನಲ್ಲೇ ಮೊಟ್ಟೆ ಇಡುತ್ತೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮರಿ ಉತ್ಪಾದಿಸುವ ವಿಧಾನ ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಜೋಡಿಯನ್ನೇ ಕೇಳಿ ತಗೊಳ್ಳಿ.

ಶೂನ್ಯ ಟಿಡಿಎಸ್:

ನೀರಿನ ಬಗ್ಗೆ. ಅಡುಗೆಮನೆ ಆರ್‌ಒ ನೀರನ್ನ ನೇರವಾಗಿ ಹಾಕಬೇಡಿ, ಕಾರಣ ಎರಡು. ಒಂದು, ಅದರಲ್ಲಿ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ಅಡ್ಜಸ್ಟರ್ ಅಂತ ಒಂದು ತಿರುಪು ಇರುತ್ತೆ. ರುಚಿಗೋಸ್ಕರ ಕಚ್ಚಾ ನೀರನ್ನ ಸ್ವಲ್ಪ ಬೆರೆಸುತ್ತೆ. ಬೋರ್ ನೀರಿದ್ದ ದಿನ ನೈಟ್ರೇಟು, ಸಿಲಿಕೇಟು ಎಲ್ಲ ಆ ದಾರಿಯಲ್ಲೇ ಒಳಗೆ ಬರೋದು. ಆಮೇಲೆ ಗಾಜಿನ ಮೇಲೆ ಕಂದು ಪಾಚಿ ಕೂತು ಹೋಗೋದೇ ಇಲ್ಲ. ಎರಡನೇದು ಇನ್ನೂ ಮುಖ್ಯ: ಈಗಿನ ಎಷ್ಟೋ ಪ್ಯೂರಿಫೈಯರ್‌ಗಳಲ್ಲಿ ತಾಮ್ರದ ಕಾರ್ಟ್ರಿಡ್ಜ್ ಇರುತ್ತೆ. ನಮಗೆ ಅದು ಒಳ್ಳೇದಿರಬಹುದು, ಆದರೆ ಸಿಗಡಿ, ಬಸವನಹುಳು, ಹವಳಕ್ಕೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಬಂಡೆ ಮರಳು ಅದನ್ನ ಹೀರಿಕೊಂಡು ತಿಂಗಳುಗಟ್ಟಲೆ ಬಿಡ್ತಾ ಇರುತ್ತೆ.

ಬೇರೆಯದೇ ಒಂದು ಸಾಲು ಮಾಡಿಕೊಳ್ಳಿ: 5 ಮೈಕ್ರಾನ್ ಸೆಡಿಮೆಂಟ್, ಕಾರ್ಬನ್ ಬ್ಲಾಕ್, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಆರ್‌ಒ ಮೆಂಬ್ರೇನ್, ಕೊನೆಯಲ್ಲಿ ಉಳಿದ ಲವಣ ತೆಗೆಯೋ ಡಿಐ ರೆಸಿನ್. ಕಾವೇರಿ ನೀರು ಬಂದ ದಿನವೇ ಮಾಡಿ ತುಂಬಿಸಿಡಿ. ಬೋರ್ ನೀರಿನಿಂದ ಮೆಂಬ್ರೇನ್ ಬೇಗ ಕಟ್ಟುತ್ತೆ, ರೆಸಿನ್ ಎರಡು ಮೂರು ಪಟ್ಟು ಬೇಗ ಮುಗಿಯುತ್ತೆ. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಕಾರ್ಬನ್ ಹಳೇದಾದರೆ ಮೆಂಬ್ರೇನ್ ಸುಡುತ್ತೆ, ಹಾಗಾಗಿ ಆರು ತಿಂಗಳಿಗೊಮ್ಮೆ ಕಾರ್ಬನ್ ಬದಲಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 3, 4 ಅಂತ ಏರೋಕೆ ಶುರುವಾದರೆ ರೆಸಿನ್ ಸತ್ತಿದೆ ಅಂತ.

ನಿಮ್ಮ ಟ್ಯಾಂಕ್ ಅಂಚಿನವರೆಗೆ ಸುಮಾರು 190 ಲೀಟರ್. ಬಂಡೆ, ಮರಳು ಕಳೆದು ಸಂಪ್ ಕೂಡಿಸಿದರೆ 180 ಅಂದುಕೊಳ್ಳಿ. ಲೀಟರಿಗೆ 37 ಗ್ರಾಂ ರೀಫ್ ಸಾಲ್ಟ್, ಒಟ್ಟು ಆರೂವರೆ ಕಿಲೋ ಮೇಲೆ ಸ್ವಲ್ಪ. ಗುರಿ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು), 25 ಡಿಗ್ರಿಯಲ್ಲಿ ಸಾಂದ್ರತೆ 1.026. ಉಪ್ಪು ಅಳೆಯೋ ರಿಫ್ರಾಕ್ಟೋಮೀಟರನ್ನ ಆರ್‌ಒ ನೀರಲ್ಲಿ ಸೊನ್ನೆಗೆ ಇಟ್ಟು ಸುಮ್ಮನಾಗಬೇಡಿ, 35 ಪಿಪಿಟಿ ದ್ರಾವಣದಲ್ಲೇ ಸರಿಪಡಿಸಿ. ಇಲ್ಲದಿದ್ದರೆ ಎರಡು ಮೂರು ಪಿಪಿಟಿ ತಪ್ಪು ತೋರಿಸಬಹುದು. ಅಡುಗೆ ಉಪ್ಪಾಗಲಿ ಕಲ್ಲುಪ್ಪಾಗಲಿ ಆಗಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರೀಯತೆ ಸರಿಯಾದ ಪ್ರಮಾಣದಲ್ಲಿ ಇಲ್ಲ.

ಸೈಕ್ಲಿಂಗಿಗೆ (ಅಮೋನಿಯಾ ಕರಗಿಸೋ ಬ್ಯಾಕ್ಟೀರಿಯಾ ಬೆಳೆಸೋಕೆ) ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನ 2 ಪಿಪಿಎಂಗೆ ತನ್ನಿ. ಅಷ್ಟು ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗೆ ಬಂದು, ನೈಟ್ರೈಟೂ ಸೊನ್ನೆ ಆಗಬೇಕು. ಮೂರರಿಂದ ಆರು ವಾರ ಹಿಡಿಯುತ್ತೆ, ಅದರ ಮುಂಚೆ ಮೀನು ಬಿಡಬೇಡಿ. ಮೆತ್ತನೆ ಹವಳಗಳಿಗೆ ಕ್ಷಾರೀಯತೆ 8-9 ಡಿಕೆಎಚ್, ನೈಟ್ರೇಟ್ 5-15 ಪಿಪಿಎಂ, ಫಾಸ್ಫೇಟ್ 0.03-0.1 ಪಿಪಿಎಂ ಸಾಕು, ವಾರಕ್ಕೆ 18 ಲೀಟರ್ ಬದಲಾಯಿಸಿದರೆ ಡೋಸಿಂಗ್ (ಖನಿಜ ಬೇರೆಯಾಗಿ ಹಾಕೋದು) ಬೇಕಾಗಲ್ಲ. ನೈಟ್ರೇಟ್ ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸೋ ಹಟ ಬೇಡ. ಲೋಳೆಲೋಳೆ ಕಂದು ಎಳೆ, ಅದರ ತುದಿಯಲ್ಲಿ ಗುಳ್ಳೆ ಕಂಡರೆ ಡೈನೊಫ್ಲಾಜೆಲೇಟ್ ಅನ್ನೋ ಕಾಟದ ಸೂಕ್ಷ್ಮಜೀವಿ ಬಂದಿದೆ ಅಂತಲೇ ತಿಳೀರಿ. ಆ ಹಟಕ್ಕೆ ಸಿಗೋ ಪ್ರತಿಫಲ ಸಾಮಾನ್ಯವಾಗಿ ಅದೇ.

ಮಾರ್ಚ್ ಬಿಸಿಲು:

ಚಿಲ್ಲರ್ ಕಡ್ಡಾಯ ಅಲ್ಲ, ಬೆಂಗಳೂರಿನ ಹವೆ ನಮ್ಮ ಪರವಾಗಿದೆ. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಕೋಣೆ 33-34 ಮುಟ್ಟುತ್ತೆ, ಆದರೆ ಆಗ ಮಧ್ಯಾಹ್ನದ ಗಾಳಿ ಒಣ. ನೀರಿನ ಮೇಲ್ಮೈಗೆ ಓರೆಯಾಗಿ ಬೀಸೋ ಎರಡು ಸಣ್ಣ ಡಿಸಿ ಫ್ಯಾನ್ ಇಟ್ಟು, ಸಂಪ್ ಮುಚ್ಚಳ ತೆಗೆದರೆ ಎರಡು ಮೂರು ಡಿಗ್ರಿ ಇಳಿಯುತ್ತೆ. 1 ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ಶಾಖ ಎಳೆದುಕೊಂಡು ಹೋಗುತ್ತೆ, ಅದು ಕಮ್ಮಿ ಏನಲ್ಲ. ಮಂಗಳೂರಿನ ತೇವಕ್ಕೆ ಈ ಉಪಾಯ ಇಷ್ಟು ಕೆಲಸ ಮಾಡಲ್ಲ.

ಬೆಲೆ ತೆರಬೇಕಾದದ್ದು ನೀರಲ್ಲಿ: ದಿನಕ್ಕೆ 3-5 ಲೀಟರ್ ಆವಿ. ಉಪ್ಪು ಹಿಂದೆ ಉಳಿಯೋದರಿಂದ ತುಂಬಿಸಬೇಕಾದ್ದು ಡಿಐ ನೀರು ಮಾತ್ರ, ಉಪ್ಪುನೀರಲ್ಲ. ಆವಿಯಾದಷ್ಟು ನೀರನ್ನ ತಾನೇ ತುಂಬಿಸೋ ಆಟೊ ಟಾಪ್-ಅಪ್ ಇಲ್ಲದೆ ಫ್ಯಾನ್ ಹಾಕಬೇಡಿ. ಅದರ ಡಬ್ಬ 20 ಲೀಟರಿಗಿಂತ ದೊಡ್ಡದು ಬೇಡ. ಫ್ಲೋಟ್ ಸಿಕ್ಕಿಹಾಕಿಕೊಂಡು ಪೂರ್ತಿ ಸುರಿದರೂ ನಿಮ್ಮ 180 ಲೀಟರ್ 35ರಿಂದ 31-32ಕ್ಕೆ ಇಳಿಯುತ್ತೆ, ಮೀನು ಬದುಕುತ್ತೆ. 50 ಲೀಟರ್ ಡ್ರಮ್ ಇಟ್ಟರೆ ಆ ಮಾತು ಹೇಳೋಕಾಗಲ್ಲ. ಡಿಸೆಂಬರ್, ಜನವರಿ ರಾತ್ರಿಗೆ 150-200 ವ್ಯಾಟ್ ಹೀಟರ್ ಬೇಕೇ ಬೇಕು, ಹೊರಗಿನ ಥರ್ಮೋಸ್ಟಾಟ್ ಮೂಲಕ. ಹೀಟರಿನ ಒಳಗಿನ ಸ್ವಿಚ್ ಅಂಟಿಕೊಂಡು ನೀರು ಬೇಯೋದು ತೀರಾ ಸಾಮಾನ್ಯ. ಪಡುವಣ ಗೋಡೆಯ ಕೋಣೆ, ಮೇಲೆ ತಾರಸಿ ಅಂದ್ರೆ ಮಾತು ಬೇರೆ, ಆಗ ಚಿಲ್ಲರಿಗೆ ದುಡ್ಡು ಎತ್ತಿಡಿ.

ಕರೆಂಟ್ ಹೋದಾಗ ಮೀನು ಸಾಯೋದು ಆಮ್ಲಜನಕ ಸಾಲದೆ, ಬಿಸಿಯಿಂದ ಅಲ್ಲ. ಸಂಪಿನಿಂದ ನೀರು ಮೇಲೆತ್ತೋ ರಿಟರ್ನ್ ಪಂಪ್ 15 ವ್ಯಾಟ್, ಅಲೆ ಎಬ್ಬಿಸೋ ವೇವ್‌ಮೇಕರ್ 8, ಏರ್‌ಪಂಪ್ 4, ಒಟ್ಟು 27. ಮನೆ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ 900 ವ್ಯಾಟ್-ಗಂಟೆ. ನಷ್ಟ ಕಳೆದು, ಬೇರೇನೂ ಓಡದಿದ್ದರೆ ಒಂದು ದಿನ ನಡೆಯುತ್ತೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗ್ತವೆ. ಹೀಟರ್, ದೀಪ ಆ ಲೈನಿಗೆ ಬೇಡ. ಪಂಪ್ ನಿಂತಾಗ ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಬರುತ್ತೆ, ಅದಕ್ಕೆ ಸಂಪಿನಲ್ಲಿ 20-25 ಲೀಟರ್ ಜಾಗ ಖಾಲಿ ಇದೆಯಾ ಅಂತ ಪ್ಲಗ್ ಕಿತ್ತು ನೋಡಿ. ಕೆಳಮನೆಯವರ ಸೀಲಿಂಗ್ ನೆನೆದ ಮೇಲೆ ನೋಡಿ ಪ್ರಯೋಜನ ಇಲ್ಲ.

ನೀಲಿಗಾಜು:

ತುಂಬಾ ಧನ್ಯವಾದ. ಕಡಲಕುದುರೆ, ಗಟ್ಟಿ ಹವಳ ಎರಡನ್ನೂ ಕೈಬಿಟ್ಟೆ. ಕ್ಲೌನ್ ಜೋಡಿನೇ ಸರಿ. ಅನಿಮೋನ್ (ಕ್ಲೌನ್ ಆಸರೆ ಪಡೆಯೋ ಕಡಲಜೀವಿ) ಬೇಕಾ? ಮೊಟ್ಟೆ ಇಟ್ಟ ಮೇಲೆ ಏನು ಮಾಡಬೇಕು ಅಂತ ಹೆಜ್ಜೆಹೆಜ್ಜೆಯಾಗಿ ಹೇಳ್ತೀರಾ?

ರಾಟಿಫರ್ ಬಕೆಟ್:

ಅನಿಮೋನ್ ಬೇಡ. ಅಡ್ಡಾಡ್ತಾ ಹೋಗಿ ವೇವ್‌ಮೇಕರಿಗೆ ಸಿಕ್ಕಿ ಟ್ಯಾಂಕ್ ಪೂರ್ತಿ ಕೆಡಿಸುತ್ತೆ. ಕ್ಲೌನ್‌ಗಳು ಮಣ್ಣಿನ ಕುಂಡದ ಪಕ್ಕದಲ್ಲೇ ಸಂಸಾರ ಹೂಡ್ತವೆ. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಎಳೆಯವು ತಗೊಳ್ಳಿ. ಎಲ್ಲ ಮರಿಯೂ ಮೊದಲು ಗಂಡಾಗೇ ಬೆಳೆಯೋದು, ಜೋರಿರೋದು ಹೆಣ್ಣಾಗುತ್ತೆ. ಬೆಳೆದ ಎರಡು ಹೆಣ್ಣನ್ನ ಒಟ್ಟಿಗೆ ಬಿಟ್ಟರೆ ಒಂದು ಸಾಯುತ್ತೆ. ಮೊದಲ ಮೊಟ್ಟೆಗೆ ಒಂದು ವರ್ಷ, ಕೆಲವೊಮ್ಮೆ ಎರಡು. ದಿನಕ್ಕೆ ಎರಡು ಮೂರು ಸಲ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ), ಹೆಚ್ಚಿದ ಸಿಗಡಿ ಕೊಡಿ, ನೀರು 27ರಲ್ಲಿರಲಿ.

ಕುಂಡದ ಪಕ್ಕ ನಯವಿಲ್ಲದ ಒಂದು ಟೈಲ್ ಒರಗಿಸಿಡಿ, ಮೊಟ್ಟೆ ಅದರ ಮೇಲೇ ಬಂದರೆ ಎತ್ತೋದು ಸುಲಭ. ಮೊದಮೊದಲ ಗೂಡುಗಳನ್ನ ಅಪ್ಪನೇ ತಿಂದುಬಿಡುತ್ತೆ, ಗಾಬರಿ ಬೇಡ. ಮೊದಲ ದಿನ ಮೊಟ್ಟೆ ಕಿತ್ತಳೆ ಬಣ್ಣ, ಆಮೇಲೆ ಕಂದು. ಆರೇಳನೇ ದಿನ ಟಾರ್ಚ್ ಬಿಟ್ಟು ನೋಡಿ: ಪ್ರತಿ ಮೊಟ್ಟೆಯಲ್ಲೂ ಎರಡು ಬೆಳ್ಳಿ ಕಣ್ಣು ಹೊಳೆಯುತ್ತೆ. ಹಾಗೆ ಹೊಳೆದರೆ ಆ ರಾತ್ರಿ ಅಥವಾ ಮರುರಾತ್ರಿ, ದೀಪ ಆರಿದ ಒಂದೆರಡು ಗಂಟೆಯಲ್ಲಿ ಒಡೆಯುತ್ತೆ.

ಆದರೆ ಕೆಲಸ ಶುರುವಾಗಬೇಕಾದ್ದು ಮೊಟ್ಟೆಯಿಂದಲ್ಲ, ಮರಿಗಳ ಮೊದಲ ಆಹಾರವಾದ ರಾಟಿಫರ್ ಅನ್ನೋ ಸೂಕ್ಷ್ಮಪ್ರಾಣಿಯಿಂದ. ಮೊಟ್ಟೆ ನೋಡಿ ರಾಟಿಫರ್ ಹುಡುಕಿದರೆ ಆ ಗೂಡು ಹೋದಂತೆಯೇ. ಬ್ರಾಕಿಯೋನಸ್ ಪ್ಲಿಕಾಟಿಲಿಸ್ ಅನ್ನೋ ರಾಟಿಫರ್ ಜಾತಿ ತಗೊಂಡು 20 ಲೀಟರಿನ ಎರಡು ಬಕೆಟ್‌ನಲ್ಲಿ ತಲಾ 15 ಲೀಟರ್ ಸಾಕಿ. ಒಂದು ಕುಸಿದರೆ ಇನ್ನೊಂದಿರಬೇಕು. ಉಪ್ಪು 20-25 ಪಿಪಿಟಿ, 26-28 ಡಿಗ್ರಿ, ಗುಳ್ಳೆ ಬಿಡೋ ಕಲ್ಲಿಲ್ಲದ ಬರೀ ನಳಿಕೆಯಿಂದ ಗಾಳಿ. ನ್ಯಾನೊಕ್ಲೊರಾಪ್ಸಿಸ್ ಪಾಚಿಯ ಪೇಸ್ಟನ್ನ ದಿನಕ್ಕೆ ಎರಡು ಸಲ, ನೀರು ತಿಳಿಹಸಿರು ಆಗೋಷ್ಟು. ದಿನಾ ಕಾಲುಭಾಗದಿಂದ ಮೂರನೇ ಒಂದರಷ್ಟು ತೆಗೆದು 53 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಹೊಸ ಉಪ್ಪುನೀರು ತುಂಬಿಸಿ. ತೆಗೆಯದೆ ಬಿಟ್ಟರೇ ಕುಸಿಯೋದು. ಚೆನ್ನಾಗಿರೋ ಬಕೆಟ್ ಕಡಲಪಾಚಿಯ ವಾಸನೆ ಬರುತ್ತೆ. ಕೊಳೆತ ವಾಸನೆ, ಒಡೆಯದ ನೊರೆ ಬಂದರೆ ಅಮೋನಿಯಾ ಏರಿದೆ, ಆವತ್ತೇ ಸೋಸಿ ಬೇರೆ ನೀರಿಗೆ ಹಾಕಿ.

ಲೆಕ್ಕ ಹೀಗೆ: ಮರಿ ಟ್ಯಾಂಕಿನಲ್ಲಿ ಮಿಲಿಲೀಟರಿಗೆ 10 ರಾಟಿಫರ್ ಬೇಕು, 20 ಲೀಟರಿಗೆ 2 ಲಕ್ಷ. ಬಕೆಟ್ಟಿನಲ್ಲಿ ಮಿಲಿಲೀಟರಿಗೆ 100 ಇದ್ದರೆ 15 ಲೀಟರಲ್ಲಿ 15 ಲಕ್ಷ, ಮೂರನೇ ಒಂದು ಭಾಗ ತೆಗೆದರೆ 5 ಲಕ್ಷ. ಸಾಕಾಗುತ್ತೆ. 1 ಮಿಲಿ ಪಿಪೆಟ್ಟಿಗೆ ಎಳೆದು ಬೆಳಕಿಗೆ ಹಿಡಿದರೆ ಕಣ್ಣಿಗೇ ಕಾಣುತ್ತೆ. ಬಕೆಟ್ಟಿನದನ್ನ ಹತ್ತು ಪಟ್ಟು ತೆಳು ಮಾಡಿ ಎಣಿಸಿ.

ಮರಿ ಟ್ಯಾಂಕಿನ ಮೂರು ಬದಿ, ತಳ ಕಪ್ಪು ಮಾಡಿ. ಇಲ್ಲದಿದ್ದರೆ ಮರಿಗಳು ಹೊಳಪಿಗೆ ಗಾಜಿಗೆ ತಲೆ ಕುಟ್ಟಿಕೊಂಡು ಸಾಯ್ತವೆ. ಅಪ್ಪ-ಅಮ್ಮನ ಟ್ಯಾಂಕಿನ ನೀರನ್ನೇ ತುಂಬಿಸಿ, ಒಡೆಯೋ ಸಂಜೆ ಟೈಲನ್ನ ನೀರಿನೊಳಗೇ ಡಬ್ಬದಲ್ಲಿ ಎತ್ತಿ ತಂದು ನಿಲ್ಲಿಸಿ, ಪಕ್ಕದಲ್ಲಿ ಗಾಳಿಗುಳ್ಳೆ ಬಿಡಿ. ಅಪ್ಪ ರೆಕ್ಕೆ ಬೀಸ್ತಿದ್ದ ಕೆಲಸ ಅದು ಮಾಡುತ್ತೆ. ಪೂರ್ತಿ ಕತ್ತಲೆ. ಒಡೆದ ಮೇಲೆ ಟೈಲ್ ತೆಗೆದು ಗುಳ್ಳೆ ಸಣ್ಣಗೆ ಮಾಡಿ, ಸೆಕೆಂಡಿಗೆ ಒಂದೆರಡು ಸಾಕು. ಬೆಳಿಗ್ಗೆ ಮಂದ ದೀಪ, ಪಾಚಿ ಪೇಸ್ಟ್ ಬೆರೆಸಿದ ಹಸಿರು ನೀರು, ರಾಟಿಫರ್. ಮರಿ ಮೈಯನ್ನ ಎಸ್ ಆಕಾರಕ್ಕೆ ಬಗ್ಗಿಸಿ ತಟ್ಟನೆ ಮುಂದಕ್ಕೆ ಚಿಮ್ಮಿದರೆ ಬೇಟೆ ಆಡ್ತಿದೆ ಅಂತ. ಆ ಚಿಮ್ಮು ಕಾಣಲಿಲ್ಲ ಅಂದ್ರೆ ಬೆಳಕು ಹೆಚ್ಚಾಯ್ತು ಅಥವಾ ಆಹಾರ ಕಮ್ಮಿ ಆಯ್ತು. ಮೂರರಿಂದ ಐದನೇ ದಿನದ ಸಾಮೂಹಿಕ ಸಾವಿಗೆ ಕಾರಣ ಹೆಚ್ಚಾಗಿ ಇವೆರಡೇ.

ಆರನೇ ದಿನದಿಂದ ಆರ್ಟೀಮಿಯಾ (ಉಪ್ಪುನೀರಿನ, ಸಿಗಡಿಯಂಥ ಸಣ್ಣ ಜೀವಿ) ಮರಿ ಸೇರಿಸಿ, ಮೂರು ದಿನ ರಾಟಿಫರ್ ಜೊತೆಯಲ್ಲೇ. 25 ಪಿಪಿಟಿಯ 1 ಲೀಟರಿಗೆ 1 ಗ್ರಾಂ ಆರ್ಟೀಮಿಯಾ ಮೊಟ್ಟೆ, 28 ಡಿಗ್ರಿಯಲ್ಲಿ 24 ಗಂಟೆ. ಡಿಸೆಂಬರಿನಲ್ಲಿ ಹೀಟರ್ ಇಲ್ಲದಿದ್ದರೆ 36 ಆದರೂ ಆಗಬಹುದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಮೇಲೆ ತೇಲೋ ಖಾಲಿ ಸಿಪ್ಪೆ ಬಿಟ್ಟು ಕೆಳಗಿನಿಂದ ಹೀರಿ. ಸಿಪ್ಪೆ ಮೀನುಮರಿಯ ಕರುಳಲ್ಲಿ ಸಿಕ್ಕುತ್ತೆ. ಹುಟ್ಟಿದ ಆರೆಂಟು ಗಂಟೆಯೊಳಗೆ ಕೊಡಿ, ಆಮೇಲೆ ಅದರ ಹಳದಿ ಕರಗಿ ಸತ್ವ ಇಳಿಯುತ್ತೆ. ಎಂಟರಿಂದ ಹನ್ನೆರಡನೇ ದಿನದ ನಡುವೆ ತಲೆಯ ಬಿಳಿ ಪಟ್ಟೆ ಮೂಡಿ ಮರಿಗಳು ತಳಕ್ಕೆ ಇಳೀತವೆ. ಎರಡನೇ ಸಾವಿನ ಅಲೆ ಆಗಲೇ ಬರೋದು, ಕಾರಣ ಡಿಎಚ್‌ಎ ಅನ್ನೋ ಒಮೆಗಾ-3 ಕೊಬ್ಬಿನ ಕೊರತೆ. ರಾಟಿಫರಿಗೆ ಡಿಎಚ್‌ಎ ಇರುವ ಎನ್ರಿಚ್‌ಮೆಂಟ್ ಉಣಿಸಿಯೇ ಕೊಟ್ಟಿದ್ದರೆ ಈ ಅಲೆ ಚಿಕ್ಕದಾಗುತ್ತೆ. ದಿನಾ ತಳ ಹೀರಿ 10 ಶೇಕಡಾ ನೀರನ್ನ ಹನಿಹನಿಯಾಗಿ ಸೇರಿಸಿ, ಅಮೋನಿಯಾ 0.25 ದಾಟಬಾರದು.

ದಿಬ್ಬದಂಚು:

ಎರಡು ಎಚ್ಚರಿಕೆ ಬಿಟ್ಟುಹೋಗಿತ್ತು. ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿ ಪೈರೆಥ್ರಾಯ್ಡ್ ಇರುತ್ತೆ. ಮನುಷ್ಯರಿಗೆ ಅಷ್ಟಾಗಿ ತಾಗದಿದ್ದರೂ ಮೀನು, ಸಿಗಡಿ, ರಾಟಿಫರಿಗೆ ಘೋರ ವಿಷ, ಏರ್‌ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳೋದು. ಆ ಕೋಣೆಯಲ್ಲಿ ಸೊಳ್ಳೆಪರದೆ, ಕಿಟಕಿಗೆ ಜಾಲರಿ ಮಾತ್ರ. ಬೀದಿಯಲ್ಲಿ ಫಾಗಿಂಗ್ ಗಾಡಿ ಬಂದರೆ ಕಿಟಕಿ ಮುಚ್ಚಿ, ಏರ್‌ಪಂಪ್ ಒಂದು ಗಂಟೆ ಆರಿಸಿ, ವೇವ್‌ಮೇಕರನ್ನ ಮೇಲ್ಮೈ ಕಡೆಗೆ ತಿರುಗಿಸಿ.

ಇನ್ನೊಂದು ಜೋವಾಂಥಿಡ್. ಕೆಲವು ಜಾತಿಗಳಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇದೆ. ಮುಟ್ಟುವಾಗ ಗ್ಲೌಸು, ಕತ್ತರಿಸುವಾಗ ಕನ್ನಡಕ. ಅವು ಬೆಳೆದ ಬಂಡೆಯನ್ನ ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮಕ್ಕಳಿರೋ ಮನೆಯಾದರೆ ಜೋವಾಂಥಿಡ್ ಬಿಟ್ಟು ಲೆದರ್, ಮಶ್ರೂಮ್ ಹಾಕಿ.