ಸಹಾಯ ಬೇಕು: ಹಳೆಯ ಎಂಪಿ3 ಸಂಗ್ರಹವನ್ನು ಸರಿಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲದಿದ್ದ ಕಾಲದಲ್ಲಿ ನನ್ನ ಸಿ.ಡಿ.ಗಳನ್ನೆಲ್ಲ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಕಡತಗಳಾಗಿ ಮಾಡಿಕೊಂಡು, ಆಮೇಲೆ ಸಿ.ಡಿ.ಗಳಲ್ಲಿ ಬಹುಪಾಲನ್ನು ಅವರಿವರಿಗೆ ಕೊಟ್ಟುಬಿಟ್ಟೆ. ಈಗ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳುವಾಗ ತಂಬೂರಿಯ ನಾದ ನೀರಿನೊಳಗಿಂದ ಬಂದಂತೆ ಮಸುಕಾಗಿರುವುದೂ, ತಾಳದ ಝೇಂಕಾರ ಚೂರುಚೂರಾಗುವುದೂ ಸ್ಪಷ್ಟವಾಗಿ ತಿಳಿಯುತ್ತದೆ. ಸಿ.ಡಿ.ಯ ಧ್ವನಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಅದರ ಹನ್ನೊಂದನೆಯ ಒಂದು ಪಾಲನ್ನಷ್ಟೇ ಉಳಿಸಿಕೊಂಡ ಕಡತವನ್ನು ಫ್ಲ್ಯಾಕ್‌ಗೆ (ಧ್ವನಿಯ ಯಾವ ಅಂಶವನ್ನೂ ಕಳೆಯದೆ ಕುಗ್ಗಿಸಿಡುವ ಕಡತ ರೂಪ) ಬದಲಾಯಿಸಿದರೆ ಗಾತ್ರ ಹಿಗ್ಗೀತೇ ಹೊರತು ಕಳೆದುಹೋದದ್ದು ಮರಳಿ ಬಾರದು, ಆದ್ದರಿಂದ ದಯವಿಟ್ಟು ಆ ಸಲಹೆ ಬೇಡ.

ತೊಡಕಿರುವುದು ಬೇರೆ ಕಡೆ. ಸ್ನೇಹಿತರಿಂದ ಬಂದ ಕೆಲವು ಫ್ಲ್ಯಾಕ್ ಕಡತಗಳನ್ನು ಧ್ವನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ತಂತ್ರಾಂಶದಲ್ಲಿ ತೆರೆದರೆ 16 ಕಿಲೋಹರ್ಟ್ಸ್‌ನ ಮೇಲೆ ಕತ್ತರಿಸಿದಂತೆ ಎಲ್ಲವೂ ಕಪ್ಪಾಗಿ ಕಾಣುತ್ತದೆ, ಅಂದರೆ ಅವೂ ಎಂಪಿ3ಯಿಂದಲೇ ಹುಟ್ಟಿರಬೇಕೆಂಬ ಗುಮಾನಿ (128 ಕೆಬಿಪಿಎಸ್ ಎಂಪಿ3 ಸಾಮಾನ್ಯವಾಗಿ ಆ ಮೇಲಿನ ಆವರ್ತನಗಳನ್ನು ಬಿಟ್ಟುಬಿಡುತ್ತದೆ). ಆದರೆ ಹಳೆಯ ಟೇಪ್ ಧ್ವನಿಮುದ್ರಣಗಳ ಮೂಲದಲ್ಲೇ ಆ ಮೇಲಿನ ಆವರ್ತನಗಳು ಇಲ್ಲದಿರಬಹುದಾದ್ದರಿಂದ, ಚಿತ್ರವೊಂದನ್ನೇ ನಂಬಿ ಅಳಿಸಿಹಾಕಲು ಧೈರ್ಯ ಸಾಲದು. ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ನಂಬಲರ್ಹ ವಿಧಾನವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಇನ್ನೊಂದು ವಿಷಯ. ಉಳಿದಿರುವ ಸಿ.ಡಿ.ಗಳನ್ನು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಬಳಸಿ ಮತ್ತೆ ಫ್ಲ್ಯಾಕ್‌ಗೆ ಇಳಿಸುತ್ತಿದ್ದೇನೆ. ಹಳೆಯ ಕಡತಗಳ ಟ್ಯಾಗ್‌ಗಳಲ್ಲಿ (ಕಡತದೊಳಗೇ ಬರೆದಿಡುವ ವಿವರಗಳು) ರಾಗ, ತಾಳ, ಪಕ್ಕವಾದ್ಯದವರ ಹೆಸರುಗಳನ್ನೆಲ್ಲ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ್ದೆ (ಆಗ ಅದೇ ರೂಢಿ). ಈಗ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತಿವೆ. ಆ ಟ್ಯಾಗ್‌ಗಳನ್ನು ಒಟ್ಟಾಗಿ ಯೂನಿಕೋಡ್‌ಗೆ ಪರಿವರ್ತಿಸಿ ಹೊಸ ಕಡತಗಳಿಗೆ ವರ್ಗಾಯಿಸಿದ ಅನುಭವ ಯಾರಿಗಾದರೂ ಇದ್ದರೆ, ಬಳಸಿದ ತಂತ್ರಾಂಶದ ಹೆಸರನ್ನೂ ಕ್ರಮವನ್ನೂ ದಯವಿಟ್ಟು ತಿಳಿಸಿ.